ಓದುವ ಬೆರಳು

ಸ್ನಾನ ಮಾಡುವಾಗ ಎಡ ಎದೆಯ ಪಕ್ಕದಲ್ಲಿ, ಕಂಕುಳಿಗೆ ಹತ್ತಿರವಾಗಿ, ಹುಣಸೆಬೀಜದಷ್ಟು ಗಟ್ಟಿಯಾದದ್ದೊಂದು ಕೈಗೆ ಸಿಕ್ಕಿತು. ಒತ್ತಿದರೆ ನೋವಿರಲಿಲ್ಲ, ಜರುಗುತ್ತಲೂ ಇರಲಿಲ್ಲ. ಸೋಪು ತೊಳೆದುಕೊಂಡು ಇನ್ನೊಮ್ಮೆ ಮುಟ್ಟಿ ನೋಡಿದೆ. ಅಲ್ಲೇ ಇತ್ತು.

ನನಗಾಗ ನಲವತ್ತಮೂರು ವರ್ಷ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋದವು. ಬೆಂಗಳೂರಿನ ಅಂಧರ ಶಾಲೆಯಲ್ಲಿ ಬ್ರೈಲ್ ಕಲಿತು, ಬ್ರೈಲಿನಲ್ಲೇ ಎಂ.ಎ. ತನಕ ಓದಿ, ಸೂಲಿಬೆಲೆ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಟೀಚರಾದೆ. ಚುಕ್ಕಿಗಳ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹದಿನೆಂಟು ವರ್ಷ ಪಾಠ ಹೇಳಿದ್ದೇನೆ. ಮನೆಯವರ ಹೆಸರು ಮುನಿರಾಜು. ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಮಕ್ಕಳಿಲ್ಲ, ಮನೆಯಲ್ಲಿ ನಾವಿಬ್ಬರೇ.

ಇದನ್ನು ನಾನು ಕೈಯಲ್ಲಿ ಬರೆಯುತ್ತಿಲ್ಲ. ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಅದರ ತಪ್ಪುಗಳನ್ನು ಆಮೇಲೆ ಮನೆಯವರು ತಿದ್ದುತ್ತಾರೆ. ಯಾಕೆ ಹೀಗೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದಾಗ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ರಿಪೋರ್ಟ್ ಬರುವ ದಿನ ನನಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಮನೆಯವರೊಬ್ಬರೇ ಬೆಂಗಳೂರಿಗೆ ಹೋಗಿ ಬಂದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದರು.

"ಏನಂತೆ?" ಎಂದೆ.

"ಏನಿಲ್ವಂತೆ ಕಣೆ. ಒಂದು ಗೆಡ್ಡೆ ಅಷ್ಟೇ, ತೆಗೆಸ್ಬಿಟ್ರೆ ಸರಿಹೋಗ್ತದಂತೆ. ಇನ್ನೊಂದು ಟೆಸ್ಟ್ ಐತೆ."

ಎರಡು ಲೋಟ ನೀರು ಕೇಳಿ ಕುಡಿದರು. ಒಳಗೆ ಹೋದರು. ಬೀರುವಿನ ಮೇಲಿದ್ದ ಹಳೇ ಸೂಟ್‌ಕೇಸು ಜರುಗಿದ ಸದ್ದು ಕೇಳಿಸಿತು. ನಮ್ಮ ಮದುವೆಯ ಕಾಲದ ಸೂಟ್‌ಕೇಸದು, ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಸಂಜೆಯ ಹಾಲಿನ ಹೊತ್ತಿಗೆ ಅವರು ಡೇರಿಗೆ ಹೋದರು. ನಾನು ಸ್ಟೂಲ್ ಹಾಕಿಕೊಂಡು ಹತ್ತಿ, ಸೂಟ್‌ಕೇಸಿನ ಕೆಳಗಿನಿಂದ ರಿಪೋರ್ಟಿನ ಕವರು ತೆಗೆದೆ. ಕಾಗದದ ಫೋಟೋ ಹೊಡೆದರೆ ಅದರಲ್ಲಿರುವುದನ್ನು ಓದಿ ಹೇಳುವ ಆ್ಯಪ್ ನನ್ನ ಫೋನಿನಲ್ಲಿದೆ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂದು ತಿಳಿಯದೆ ಮೂರು ಸಲ ಹೊಡೆದೆ, ಏನೂ ಸಿಗಲಿಲ್ಲ ಎಂದಿತು. ನಾಲ್ಕನೆಯ ಸಲ ಓದತೊಡಗಿತು. ನನ್ನ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು. ಆಮೇಲೆ ಬಸ್ಸಿನಲ್ಲಿ ಮುಂದಿನ ಸ್ಟಾಪಿನ ಹೆಸರು ಹೇಳುವಂಥ ದನಿಯಲ್ಲಿ, ಕಾರ್ಸಿನೋಮಾ ಎಂದಿತು, ಅಂದರೆ ಕ್ಯಾನ್ಸರ್. ಅಲ್ಲಿಗೂ ನಿಲ್ಲಿಸದೆ, ಕೊನೆಯಲ್ಲಿದ್ದ ಆಸ್ಪತ್ರೆಯ ವಿಳಾಸವನ್ನೂ ಪಿನ್‌ಕೋಡನ್ನೂ ಅಂಕಿ ಅಂಕಿಯಾಗಿ ಓದಿ ಮುಗಿಸಿತು.

ಕಾಗದವನ್ನು ಮಡಿಕೆಯ ಮೇಲೇ ಮಡಿಕೆ ಬರುವಂತೆ ಮಡಚಿ, ಇದ್ದಲ್ಲೇ ಇಟ್ಟೆ.

ಮೂರು ದಿನ ಇಬ್ಬರೂ ನಾಟಕ ಆಡಿದೆವು. ಅವರು ಎಂದೂ ಇಲ್ಲದಂತೆ ಸೇಬು ತಂದರು. ನಾನು ಪರೀಕ್ಷೆಯ ಸುದ್ದಿ, ಹೆಡ್‌ಮಾಸ್ಟರ ಸುದ್ದಿ ಹೇಳಿದೆ. ಮೂರನೆಯ ದಿನ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಅವರು, "ಚೆನ್ನಾಗಿ ತಿನ್ನು, ಮೈಗೆ ಬಲ ಬೇಕು" ಎಂದರು.

"ರೀ, ನಾನು ರಿಪೋರ್ಟ್ ಓದಿದೆ" ಎಂದೆ.

ಅವರ ಕೈ ತಟ್ಟೆಯ ಮೇಲೆ ನಿಂತಿದ್ದು ನನಗೆ ತಿಳಿಯಿತು.

"ಹೆಂಗೆ ಓದ್ದೆ?"

"ಫೋನಲ್ಲಿ."

"ಡಾಕ್ಟ್ರೇ ಅಂದ್ರು ಕಣೆ. ಅವ್ರಿಗೆ ಮೊದ್ಲೇ ಕಣ್ಣಿಲ್ಲ, ಏಕ್ದಂ ಹೇಳ್ಬೇಡಿ, ಮೆತ್ತಗೆ ಹೇಳಿ ಅಂತ. ಮೂರು ದಿವ್ಸದಿಂದ ಅದನ್ನೇ ನೋಡ್ತಾ ಇವ್ನಿ, ಮೆತ್ತಗೆ ಹೆಂಗೆ ಹೇಳೋದು ಅಂತ."

ಅತ್ತರು. ಅವರ ಮುಖ ಮುಟ್ಟೋಣವೆಂದು ಕೈ ಚಾಚಿದರೆ ಸಾರಿನ ಪಾತ್ರೆ ಸಿಕ್ಕಿತು. ಅದು ಮಗುಚಿತು, ಇಬ್ಬರೂ ಅಳು ಬಿಟ್ಟು ನೆಲ ಒರೆಸಿದೆವು.

ಆಪರೇಷನ್ನಿಗೆ ಮೊದಲು ಒಬ್ಬ ಗುಮಾಸ್ತರು ಕಾಗದಗಳ ಕಟ್ಟು ಹಿಡಿದು ನಮ್ಮ ಹಾಸಿಗೆಯ ಹತ್ತಿರ ಬಂದರು. "ಇಲ್ಲಿ ಪೇಷೆಂಟ್ ಹೆಬ್ಬೆಟ್ಟು ಹಾಕ್ಸಿ" ಎಂದು ಮನೆಯವರಿಗೆ ಹೇಳಿದರು.

"ನಾನು ಸೈನ್ ಮಾಡ್ತೀನಿ. ಟೀಚರ್ ನಾನು" ಎಂದೆ.

"ಕಣ್ಣು ಕಾಣದವ್ರು ಹೆಬ್ಬೆಟ್ಟೇ ಹಾಕ್ಬೇಕಮ್ಮ, ಆಮೇಲೆ ನಮಗೆ ಪ್ರಾಬ್ಲಮ್ ಆಗುತ್ತೆ."

"ಅದರಲ್ಲಿ ಏನು ಬರೆದಿದೆ ಅಂತಾದ್ರೂ ಓದಿ ಹೇಳಿ."

"ನಿಮ್ಮ ಯಜಮಾನ್ರು ಓದ್ಕೊಂಡಿದಾರಲ್ಲ."

ಮನೆಯವರು ಓದಿಕೊಂಡಿರಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು, ಎಂಟು ಪುಟ ಇತ್ತು, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ನನ್ನ ಹೆಬ್ಬೆರಳನ್ನು ಯಾರೋ ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಒತ್ತಿ, ಬಿಟ್ಟರು. ನಾನು ಸುಮ್ಮನೆ ಕೈ ಕೊಟ್ಟೆ. ಎದೆ ತೆಗೆಯುತ್ತಾರೆ ಎನ್ನುವುದು ಗೊತ್ತಿತ್ತು, ಆ ಎಂಟು ಪುಟದಲ್ಲಿ ಇನ್ನೇನಿತ್ತು ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಆಪರೇಷನ್ ಆಗಿ ಎಚ್ಚರವಾದ ಮೇಲೆ, ಬ್ಯಾಂಡೇಜಿನ ಕೆಳಗೆ ಏನಾಗಿದೆ ಎಂದು ಯೋಚಿಸುವ ಬದಲು, ಆ ಮಸಿ ಹೋಯಿತೋ ಇಲ್ಲವೋ ಎಂದು ಬೆರಳನ್ನು ಹೊದಿಕೆಗೆ ಉಜ್ಜುತ್ತಿದ್ದೆ.

ಗಾಯ ಮಾಗಿದ ಮೇಲೆ ಕೀಮೋ. ಮೊದಲು ಮೂರು ವಾರಕ್ಕೊಂದರಂತೆ ನಾಲ್ಕು ಸಲ ಒಂದು ಔಷಧ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ವಾರ ಇನ್ನೊಂದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸಕೋಟೆಗೆ ಹೋಗಿ, ಅಲ್ಲಿಂದ ಸಿಟಿ ಬಸ್ಸು ಹಿಡಿದು, ಹತ್ತು ಗಂಟೆಗೆ ಆಸ್ಪತ್ರೆಯ ಹಜಾರದಲ್ಲಿ ಕೂರುತ್ತಿದ್ದೆವು. ಅಲ್ಲಿ ಹೆಸರು ಕೂಗುವುದಿಲ್ಲ. ಗೋಡೆಯ ಮೇಲಿನ ಟಿ.ವಿ. 'ಟಿಂಗ್' ಎನ್ನುತ್ತದೆ, ಟೋಕನ್ ನಂಬರು ಬರುತ್ತದೆ. ಮನೆಯವರು ಬಿಲ್ಲಿಗೋ ಔಷಧಿ ಅಂಗಡಿಗೋ ಹೋದಾಗ ಪ್ರತಿ ಟಿಂಗ್‌ಗೂ ಪಕ್ಕದ ಕುರ್ಚಿಯತ್ತ ತಿರುಗಿ "ಎಷ್ಟು ಬಂತು?" ಎಂದು ಕೇಳುತ್ತಿದ್ದೆ. ಕೆಲವು ಸಲ ಪಕ್ಕದ ಕುರ್ಚಿಯಲ್ಲಿ ಯಾರೂ ಇರುತ್ತಿರಲಿಲ್ಲ. ಒಂದು ದಿನ ನನ್ನ ನಂಬರು ಬಂದು ಹೋಗಿ, ಮತ್ತೆ ಕೊನೆಯಲ್ಲಿ ಕೂರಿಸಿದರು.

ಪರೀಕ್ಷೆಗೆ ರಕ್ತ ಕೊಡುವ ಕಡೆ ಇದರ ಉಲ್ಟಾ. ಅಲ್ಲಿ ಕಿಟಕಿಯಿಂದ ಒಂದೇ ಸಲ ಹೆಸರು ಕೂಗುತ್ತಾರೆ. ದೊಡ್ಡಬಳ್ಳಾಪುರದ ಕಡೆಯ, ಕಿವಿ ಕೇಳದ ಒಬ್ಬ ನೇಕಾರರು ಆ ಕಿಟಕಿಯ ಮುಂದೆ ಬೆಳಿಗ್ಗೆಯಿಂದ ನಿಂತೇ ಇದ್ದರಂತೆ, ಕೂತರೆ ಕೂಗುವವರ ಬಾಯಿ ಕಾಣುವುದಿಲ್ಲವೆಂದು. ಮನೆಯವರು ಬಂದು ಹೇಳಿದರು. "ಹೋಗಿ ಅವರ ಹೆಸರು ಕೇಳ್ಕೊಂಡು, ಕೂಗಿದಾಗ ಹೇಳಿ" ಎಂದೆ. ಇವರು ಹೋಗುವಷ್ಟರಲ್ಲಿ ಆ ನೇಕಾರರು ಅಲ್ಲಿರಲಿಲ್ಲ.

ಕೂದಲು ಹೋಯಿತು. "ನೀವು ಒಂದು ಲೆಕ್ಕದಲ್ಲಿ ಪುಣ್ಯವಂತರು, ಕನ್ನಡಿ ನೋಡೋ ಹಂಗಿಲ್ಲ" ಎಂದರು ಪಕ್ಕದ ಹಾಸಿಗೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ನನ್ನ ತಲೆಯನ್ನು ಎಷ್ಟು ಸಲ ಸವರಿ ನೋಡಿಕೊಂಡಿದ್ದೆ ಎಂದು ಅವರಿಗೆ ಹೇಗೆ ಹೇಳಲಿ?

ಆ ವಾರ್ಡಿನಲ್ಲಿ ಜಯಂತಿ ಸಿಸ್ಟರ್ ಒಬ್ಬರಿದ್ದರು, ನಮ್ಮೂರ ಹತ್ತಿರದ ವಿಜಯಪುರದವರು, ನಮ್ಮ ಕಡೆಯ ಮಾತು. ಉಳಿದವರು ಬಂದವರೇ ಕೈ ಹಿಡಿದು ಸೂಜಿ ಚುಚ್ಚುತ್ತಿದ್ದರು, ನಾನು ಬೆಚ್ಚಿ ಬೀಳುತ್ತಿದ್ದೆ, "ಅಲ್ಲಾಡ್ಬೇಡಿ" ಎಂದು ಗದರುತ್ತಿದ್ದರು. ಇವರು ಮಾತ್ರ ಮೊದಲು ಹೇಳುತ್ತಿದ್ದರು. "ಗಿರಿಜಮ್ಮ, ನಾನು ಜಯಂತಿ. ಬಲಗೈ ಹಿಡೀತೀನಿ. ತಣ್ಣಗೆ ಆಗುತ್ತೆ, ಸ್ಪಿರಿಟ್ಟು. ಈಗ ಚುಚ್ತೀನಿ." ಅಷ್ಟೇ. ಅಷ್ಟಕ್ಕೇ ನಾನು ಅಲ್ಲಾಡದೆ ಕೈ ಕೊಡುತ್ತಿದ್ದೆ. ಬೆಳಗಿನ ಮಾತ್ರೆಯ ಪಟ್ಟಿಗೆ ಒಂದು ರಬ್ಬರ್ ಬ್ಯಾಂಡು, ರಾತ್ರಿಯದಕ್ಕೆ ಎರಡು ಸುತ್ತಿಕೊಟ್ಟವರೂ ಅವರೇ.

ಎರಡನೆಯ ಔಷಧ ಶುರುವಾಗಿ ಐದನೇ ವಾರ ಇರಬೇಕು. ರಜೆ ಮುಗಿದ ಮೇಲಿನ ಪಾಠ ನೋಡೋಣವೆಂದು ಪುಸ್ತಕ ತೆಗೆದೆ. ಸಾಲು ಸರಿಯಾಗಿ ಸಿಗಲಿಲ್ಲ. ಬೆರಳ ತುದಿಗೆ ತೆಳುವಾದ ಪ್ಲಾಸ್ಟಿಕ್ ಕವರು ಹಾಕಿದಂತಿತ್ತು. ಪುಸ್ತಕ ಹಳೆಯದು, ಚುಕ್ಕಿ ಸವೆದಿರಬೇಕು ಎಂದುಕೊಂಡೆ. ಹೊಸ ಪುಸ್ತಕ ತೆಗೆದೆ. ಅದೂ ಹಾಗೇ.

ಮುಂದಿನ ವಾರ ತಪಾಸಣೆಗೆ ಕೂತಿದ್ದ ಚಿಕ್ಕ ಡಾಕ್ಟರಿಗೆ ಹೇಳಿದೆ. "ಬೆರಳೆಲ್ಲಾ ಜುಮ್ ಅಂತಿದೆ ಸಾರ್."

ಅವರು ಮನೆಯವರನ್ನು ಕೇಳಿದರು. "ಬಟ್ಟೆ ಗುಂಡಿ, ಹುಕ್ಕು ಅವರೇ ಹಾಕ್ಕೋತಾರಾ?"

"ಹಾಕ್ಕೋತಾಳೆ ಸಾರ್."

"ಲೋಟ ಹಿಡ್ಕೋತಾರಾ? ಬೀಳಿಸ್ತಾರಾ?"

"ಇಲ್ಲ ಸಾರ್, ಹಿಡ್ಕೋತಾಳೆ."

"ಹಂಗಾದ್ರೆ ಓಕೆ. ಎಲ್ಲರಿಗೂ ಆಗುತ್ತೆ, ಮುಗಿದ್ಮೇಲೆ ಹೋಗುತ್ತೆ" ಎಂದು ಕಂಪ್ಯೂಟರಿನಲ್ಲಿ ಏನೋ ಕುಟ್ಟಿದರು.

ಆಗ ನಾನು ಹೇಳಬೇಕಿತ್ತು. 'ಸಾರ್, ಹುಕ್ಕು ಹಾಕುವ ಬೆರಳು ಬೇರೆ, ಓದುವ ಬೆರಳು ಬೇರೆ' ಎನ್ನಬೇಕಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು. ಹಿಂದಿನವರ ಕುರ್ಚಿ ಜರುಗಿದ ಸದ್ದಾಯಿತು, ಮನೆಯವರು ನನ್ನ ಭುಜ ಹಿಡಿದು ಎಬ್ಬಿಸಿದರು, ನಾನು ಎದ್ದೆ. ಒಳಗೊಂದು ಹೆದರಿಕೆಯೂ ಇತ್ತು. ಹೆಚ್ಚು ಹೇಳಿದರೆ ಔಷಧ ನಿಲ್ಲಿಸಿಬಿಟ್ಟರೆ? ಗಡ್ಡೆ ವಾಪಸು ಬಂದರೆ? ಕಣ್ಣಿಲ್ಲದವಳು ಎಲ್ಲರಿಗೂ ತೊಂದರೆ ಕೊಡಬಾರದು ಎಂದು ಚಿಕ್ಕಂದಿನಿಂದ ಕಲಿತ ಬುದ್ಧಿಯೂ ಇತ್ತು. ಆರನೇ, ಏಳನೇ, ಎಂಟನೇ ವಾರವೂ ತೋಳು ಚಾಚಿ ಹಾಕಿಸಿಕೊಂಡೆ.

ಒಂಬತ್ತನೇ ವಾರದ ಔಷಧವೂ ಆಗುವ ಹೊತ್ತಿಗೆ ಪುಟ ಬರೀ ಕಾಗದವಾಗಿತ್ತು. ಹತ್ತೂ ಬೆರಳಲ್ಲಿ ಒಂದೊಂದಾಗಿ ಸವರಿದೆ. ಮರಳಿನ ಮೇಲೆ ಕೈಯಾಡಿಸಿದಂತೆ ಏನೋ ಒರಟು, ಅಷ್ಟೇ. ಅಂಧರ ಶಾಲೆಯಲ್ಲಿ ಕೈಯಿಲ್ಲದ ಹುಡುಗಿಯೊಬ್ಬಳು ತುಟಿಯಲ್ಲಿ ಓದುತ್ತಿದ್ದಳೆಂದು ಹಿರಿಯ ಹುಡುಗಿಯರು ಹೇಳುತ್ತಿದ್ದದ್ದು ನೆನಪಾಯಿತು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕವನ್ನು ಎತ್ತಿ ಮುಖಕ್ಕೆ ಹಿಡಿದು ಕೆಳತುಟಿಯಿಂದ ಸಾಲು ಸವರಿದೆ. ಕೀಮೋದಿಂದ ತುಟಿ ಒಡೆದು ಹುಣ್ಣಾಗಿತ್ತು. ಉರಿಯಿತು. ಆದರೂ ಒಂದು ಅಕ್ಷರ ಸಿಕ್ಕಿತು, 'ಕ'. ಆಮೇಲೆ ಇನ್ನೊಂದು. ಕಾಗದ ಒದ್ದೆಯಾಗಿ ಚುಕ್ಕಿ ಮೆತ್ತಗಾಗುತ್ತಾ ಹೋಯಿತು. ನಾಲಿಗೆಯಲ್ಲಿ ನೋಡಿದೆ. ಹಳೇ ಅಂಟಿನ ರುಚಿ ಬಂತು.

"ಏನೇ ಮಾಡ್ತಾ ಇದ್ದೀಯಾ?"

ಮನೆಯವರು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ. ನಾನು ಪುಸ್ತಕ ಮುಚ್ಚಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರೆದುರು ಅಷ್ಟು ನಾಚಿಕೆಯಾದದ್ದು ಅದೊಂದೇ ಸಲ.

"ಓದಕ್ಕೆ ಆಗ್ತಿಲ್ಲ ರೀ. ನನಗೆ ಏನೂ ಸಿಗ್ತಿಲ್ಲ."

ಅವರು ಹತ್ತಿರ ಬಂದು ನನ್ನ ಬೆರಳುಗಳನ್ನು ಹಿಡಿದುಕೊಂಡರು. ಹಿಡಿದಿದ್ದಾರೆ ಎಂದು ತಿಳಿದದ್ದು ಮಣಿಕಟ್ಟಿನಲ್ಲಿ.

ಆ ವಾರ ದೊಡ್ಡ ಡಾಕ್ಟರನ್ನೇ ಕಾಣಬೇಕೆಂದು ಹಟ ಹಿಡಿದು ಮಧ್ಯಾಹ್ನ ಮೂರರವರೆಗೆ ಕಾದೆವು. ಅವರು ಒಳ್ಳೆಯವರು, ಮೃದು ಮಾತಿನವರು. "ಓದಕ್ಕೆ ಆಗ್ತಿಲ್ಲ ಸಾರ್" ಎಂದಾಗ, "ಓದೋದಾ?" ಎಂದರು. ಆಮೇಲೆ ಅವರಿಗೆ ಹೊಳೆಯಿತು. ಅವರ ಉಸಿರು ನನಗೆ ಕೇಳಿಸಿತು.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಜುಮ್ ಅನ್ನುತ್ತೆ ಅಂತ ಹೇಳಿದ್ದೆ ಸಾರ್. ಗುಂಡಿ ಹಾಕ್ಕೋತಾರಾ ಅಂತ ಕೇಳಿದ್ರು."

ಅವರು ಫೈಲಿನ ಹಾಳೆ ತಿರುವಿದ ಸದ್ದಾಯಿತು. ಇನ್ನು ಮೂರು ವಾರದ ಔಷಧ ಬಾಕಿಯಿದೆ ಎಂದರು. ನಿಲ್ಲಿಸಬಹುದು, ಆದರೆ ಕಾಯಿಲೆ ಮರಳುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ ಎಂದು ಖಚಿತವಾಗಿ ಹೇಳಲಾರೆ ಎಂದರು. ನಿಲ್ಲಿಸಿದರೆ ಬೆರಳು ಬರುತ್ತದೆಯೇ ಎಂದು ಕೇಳಿದೆ. ಅದನ್ನೂ ಹೇಳಲಾರೆ ಎಂದರು.

"ಪೂರ್ತಿ ಮಾಡ್ಸೋಣ ಸಾರ್" ಎಂದರು ಮನೆಯವರು. "ಜೀವ ಇದ್ರೆ ತಾನೇ ಓದೋದು."

"ಓದು ಬಿಟ್ಟು ನನ್ನ ಹತ್ರ ಇನ್ಯಾವ ಜೀವ ಇದೆ ರೀ?" ಎಂದೆ. ಡಾಕ್ಟರ ಮುಂದೆಯೇ ಜೋರಾಗಿ ಹೇಳಿಬಿಟ್ಟೆ. "ನೀವು ಪೇಪರ್ ಓದ್ತೀರ, ಬಸ್ಸಿನ ಬೋರ್ಡ್ ಓದ್ತೀರ, ನನ್ನ ರಿಪೋರ್ಟೂ ನೀವೇ ಓದ್ತೀರ."

ಆ ಕೊನೆಯ ಮಾತು ಆಡಬಾರದಿತ್ತು.

ನಿಲ್ಲಿಸಿದೆ. ಅದು ನನ್ನದೇ ತೀರ್ಮಾನ. ನಿಲ್ಲಿಸಿದ ಮೇಲೂ ಎರಡು ತಿಂಗಳು ಬೆರಳು ಇನ್ನಷ್ಟು ಕೆಡುತ್ತಲೇ ಹೋಯಿತು. ಹೀಗೂ ಆಗುತ್ತದೆ, ಔಷಧ ನಿಂತರೂ ಅದರ ಕೆಲಸ ನಿಲ್ಲುವುದಿಲ್ಲ ಎಂದರು. ಮೂರು ವಾರದ ಔಷಧವನ್ನೂ ಬಿಟ್ಟೆ, ಬೆರಳೂ ಹೋಯಿತು. ಈಗ ಪ್ರತಿ ತಪಾಸಣೆಗೆ ಹೋದಾಗಲೂ ಆ ಮೂರು ವಾರ ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತದೆ. ಇದುವರೆಗೆ ಕಾಯಿಲೆ ಮರಳಿಲ್ಲ. ಮರಳಿದರೆ ನನ್ನ ಮನೆಯವರು 'ನೋಡು, ನಾನು ಹೇಳಿದ್ದೆ' ಎನ್ನುವವರಲ್ಲ. ಅದೇ ನನಗೆ ಹೆಚ್ಚು ಸಂಕಟ.

ಶಾಲೆಗೆ ಮರಳಿದೆ. ಹದಿನೆಂಟು ವರ್ಷದ ಪಾಠ ಬಾಯಲ್ಲೇ ಇತ್ತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ಮೇಲೆ ಬೆರಳು ಆಡಿಸುತ್ತಾ, ನೆನಪಿನಿಂದ ಹೇಳುತ್ತಿದ್ದೆ. ಓದುತ್ತಿರುವವಳಂತೆ ಮಧ್ಯೆ ಪುಟ ಮಗುಚುತ್ತಿದ್ದೆ. ಮಕ್ಕಳಿಗೆ ಗೊತ್ತಾಗಬಾರದು, ಹೆಡ್‌ಮಾಸ್ಟರಿಗೂ ಗೊತ್ತಾಗಬಾರದು. ಹಲವು ವಾರ ಹೀಗೇ ನಡೆಯಿತು. ಒಂದು ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ, "ಮಿಸ್, ಇದು ಎಂಟನೇ ಕ್ಲಾಸ್ ಬುಕ್ಕು ಅಂತ ಮೇಲೆ ಬರ್ದಿದೆ" ಎಂದಳು. ನಾನು ಒಂಬತ್ತನೇ ಕ್ಲಾಸಿನಲ್ಲಿ ಕೂತಿದ್ದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅವತ್ತಿನಿಂದ ಪುಸ್ತಕ ಒಯ್ಯುವುದನ್ನು ಬಿಟ್ಟೆ. ಈಗ ಮಕ್ಕಳು ಓದುತ್ತಾರೆ, ನಾನು ಕೇಳಿ ವಿವರಿಸುತ್ತೇನೆ. ಫೋನು ಓದುತ್ತದೆ, ಕೇಳುತ್ತೇನೆ. ಎಲ್ಲರೂ ಓದುತ್ತಾರೆ. ಎಡಗೈಯ ಉಂಗುರದ ಬೆರಳಲ್ಲಿ ಮಾತ್ರ ಸ್ವಲ್ಪ ಸ್ಪರ್ಶ ಮರಳಿದೆ. ಅದು ಓದು ಕಲಿತ ಬೆರಳಲ್ಲ. ಒಂದನೇ ತರಗತಿಯ ಪುಸ್ತಕ ಇಟ್ಟುಕೊಂಡು ಅದಕ್ಕೆ ಕಲಿಸುತ್ತಿದ್ದೇನೆ. ಮೂರು ಸಾಲು ದಾಟುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತದೆ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದಾಗ ಜಯಂತಿ ಸಿಸ್ಟರ್ ಹುಡುಕಿಕೊಂಡು ಬಂದರು. "ಗಿರಿಜಮ್ಮ, ಒಂದು ಹುಡುಗಿ ಬಂದಿದಾಳೆ, ಬೂದಿಗೆರೆ ಕಡೆಯೋಳು. ನಿಮ್ಮ ಹಂಗೇ, ಕಣ್ಣು ಕಾಣಲ್ಲ. ನಾಳೆಯಿಂದ ಕೀಮೋ. ಹೆದರ್ಕೊಂಡಿದಾಳೆ, ಸ್ವಲ್ಪ ಧೈರ್ಯ ಹೇಳ್ತೀರಾ?"

ಹುಡುಗಿಯ ಹೆಸರು ಪವಿತ್ರ. ಬಿ.ಎಡ್. ಓದುತ್ತಿದ್ದಾಳೆ. ಜೊತೆಗೆ ಅವಳ ತಾಯಿ. ಕಾಯಿಲೆ ನನ್ನದಲ್ಲ, ಬೇರೆ ಜಾಗದ್ದು. ಯಾವ ಔಷಧ ಎಂದು ಸಿಸ್ಟರನ್ನು ಕೇಳಿದೆ. ನನ್ನ ಬೆರಳು ಕೆಡಿಸಿದ ಅದೇ ಎರಡನೆಯ ಔಷಧ.

ಧೈರ್ಯ ಹೇಳಲು ನನ್ನ ಬಳಿ ಏನಿತ್ತು? ಸ್ವಲ್ಪ ಹೊತ್ತು ಊರು, ಕಾಲೇಜು ಎಂದು ಮಾತಾಡಿದೆ. ಆಮೇಲೆ ಬೆರಳಿನ ವಿಷಯ ಹೇಳಿದೆ.

"ಈಗ ನಿಮ್ಮ ಬೆರಳು ಬಂತಾ ಆಂಟಿ?"

"ಇಲ್ಲ ಕಣಮ್ಮ."

"ಬರುತ್ತಾ?"

"ಗೊತ್ತಿಲ್ಲ."

ಅವಳ ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದಾಯಿತು. "ಇದನ್ನೆಲ್ಲಾ ಯಾಕಮ್ಮ ಹೇಳ್ತೀರ, ಮೊದ್ಲೇ ಮಗಾ ಹೆದ್ರವ್ಳೆ" ಎಂದರು. ಅವರು ಹೇಳಿದ್ದೂ ತಪ್ಪಲ್ಲ. ನನಗೆ ಎದ್ದು ಹೋಗಿಬಿಡೋಣ ಎನ್ನಿಸಿತು.

"ಅಮ್ಮ, ಸುಮ್ನಿರು" ಎಂದಳು ಹುಡುಗಿ. ಆಮೇಲೆ ನನ್ನತ್ತ, "ಡಾಕ್ಟ್ರಿಗೆ ಯಾರು ಹೇಳ್ತಾರೆ?"

"ನೀನೇ ಹೇಳ್ಬೇಕು. ಇವತ್ತೇ."

"ನಂಗೆ ಭಯ ಆಗುತ್ತೆ ಆಂಟಿ."

"ನಂಗೂ ಆಗಿತ್ತು."

ದೊಡ್ಡ ಡಾಕ್ಟರ ಕೋಣೆಗೆ ಸಿಸ್ಟರ್ ನಮ್ಮನ್ನು ಸಾಲು ತಪ್ಪಿಸಿ ಒಳಗೆ ಬಿಟ್ಟರು. ಹಿಂದಿನಿಂದ ಯಾರೋ ಬೈದರು. ಪವಿತ್ರ ನನ್ನ ತೋಳು ಹಿಡಿದಿದ್ದಳು, ಇಬ್ಬರಲ್ಲಿ ಯಾರು ಯಾರನ್ನು ನಡೆಸುತ್ತಿದ್ದೆವೋ, ಬಾಗಿಲ ಚೌಕಟ್ಟಿಗೆ ಒಟ್ಟಿಗೇ ಭುಜ ಬಡಿಸಿಕೊಂಡೆವು.

"ಹೇಳಮ್ಮ" ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ಪವಿತ್ರಳ ತಾಯಿ ಮಾತು ಶುರುಮಾಡಿದಾಗ ನಾನು ಅವರ ಕೈ ಅದುಮಿದೆ.

"ಸಾರ್" ಎಂದಳು, ಪಿಸುಮಾತಿನಷ್ಟು ಸಣ್ಣ ದನಿಯಲ್ಲಿ. "ನಾನು ಬೆರಳಲ್ಲಿ ಓದೋಳು. ಬಿ.ಎಡ್. ಇನ್ನೂ ಒಂದು ವರ್ಷ ಇದೆ."

ಡಾಕ್ಟರು ಕಂಪ್ಯೂಟರ್ ಕುಟ್ಟುವುದನ್ನು ನಿಲ್ಲಿಸಿದರು. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಬಂದ ಸದ್ದಾಯಿತು.

"ಯಾವ ಬೆರಳಲ್ಲಿ ಓದ್ತೀಯಮ್ಮ?" ಎಂದು ಅವಳನ್ನೇ ಕೇಳಿದರು.